ಚೌಕಟ್ಟಿನೊಳಗೆ ಗೋಡೆ

ಮನೆಗೆ ಬಣ್ಣ ಮಾಡಿಸುವಾಗ ನಗು ಬರುವಂಥದ್ದು ಏನಾದರೊಂದು ನಡೆದೇ ನಡೆಯುತ್ತದೆ; ನಮ್ಮ ಮನೆಯಲ್ಲಿ ಮಾತ್ರ ಬಣ್ಣ ಒಣಗಿದ ಮೇಲೂ ನಡೆಯುತ್ತಲೇ ಇದೆ.

ನಾನು ಹೀಗೆ ಬರೆಯುತ್ತಿರುವುದು ಇದೇ ಮೊದಲು. ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು, ಹಾಗಾಗಿ ಎಲ್ಲವನ್ನೂ ಬಿಡಿಸಿ ಹೇಳುವ ಚಟ. ಗೊತ್ತಿದ್ದವರು ಬೇಸರ ಮಾಡಿಕೊಳ್ಳಬಾರದು.

ನಮ್ಮ ಮನೆ ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿದೆ. ಮನೆಯಲ್ಲಿ ನಾನು, ನಮ್ಮ ಮನೆಯವರು, ಪಿಯುಸಿ ಓದುವ ಮಗಳು. ಮಲಗುವ ಕೋಣೆಯಲ್ಲಿ ಮಂಚದ ಎದುರಿನ ಗೋಡೆಯ ಮೇಲೆ ಇಷ್ಟು ವರ್ಷ ಇಲ್ಲದ್ದೇ ಇರಲಿಲ್ಲ: ಎರಡು ಕ್ಯಾಲೆಂಡರ್, ನಮ್ಮ ಮನೆಯವರ ಕಚೇರಿಯ ಸನ್ಮಾನ ಪತ್ರ, ಮಗಳ ಪರೀಕ್ಷೆ ವೇಳಾಪಟ್ಟಿ, ಮೊಳೆಗೆ ತೂಗುಹಾಕಿದ ಅಂಗಿಗಳು. ಬೆಳಗ್ಗೆ ಕಣ್ಣು ಬಿಟ್ಟರೆ ಮೊದಲು ಕಾಣುವುದು ಇಸ್ತ್ರಿ ಇಲ್ಲದ ಅಂಗಿ. ಈ ಸಲ ಬಣ್ಣ ಮಾಡಿಸುವಾಗ ನಾನು ಕೇಳಿದ್ದು ಒಂದೇ: ಆ ಗೋಡೆ ಖಾಲಿ ಇರಬೇಕು, ಚಂದವೂ ಇರಬೇಕು. ಅದಕ್ಕೆ ಪಟ್ಟಿಯ ಅಲಂಕಾರ ಮಾಡಿಸಿದೆ. ಏನೆಂದರೆ, ಕೆತ್ತನೆಯ ಅಂಚಿರುವ ತೆಳ್ಳನೆಯ ಮರದ ಪಟ್ಟಿಗಳನ್ನು ಚೌಕಟ್ಟಿನ ಹಾಗೆ ಗೋಡೆಗೇ ಅಂಟಿಸಿ, ಮೇಲೆ ಗೋಡೆಯದೇ ಬಣ್ಣ ಬಳಿಯುವುದು. ಹೀಗೆ ಮೂರು ಚೌಕಟ್ಟು, ನಡುವಿನದು ದೊಡ್ಡದು. ಕಿಟಕಿಯ ಬಿಸಿಲು ಬಿದ್ದರೆ ಅಂಚಿಗೆ ಸಣ್ಣ ನೆರಳು ಮೂಡುತ್ತದೆ. ಅಷ್ಟೇ. ಒಳಗೆ ಏನೂ ಇಲ್ಲ.

ಆ 'ಏನೂ ಇಲ್ಲ'ವನ್ನು ಉಳಿಸಿಕೊಳ್ಳಲು ನಾನು ಪಟ್ಟ ಪಾಡೇ ಮುಂದಿನದೆಲ್ಲ.

ಮಿಸ್ತ್ರಿ ಚಾಚಾ

ಪಟ್ಟಿ ಹೊಡೆಯಲು ಬಂದವರು ಒಬ್ಬ ಹಿರಿಯ ಮಿಸ್ತ್ರಿ. ನಾವು ಚಾಚಾ ಅನ್ನುತ್ತೇವೆ. ಮೊಬೈಲಿನಲ್ಲಿದ್ದ ಮಾದರಿಯ ಚಿತ್ರ ತೋರಿಸಿದೆ. ಅವರು ಕನ್ನಡಕ ಏರಿಸಿ, ಎರಡು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ, ಮೂಲೆಮೂಲೆ ಹುಡುಕಿದರು.

"ಫೋಟೋ ಎಲ್ಲದರಿ ಮೇಡಂ?"

"ಫೋಟೋ ಇಲ್ಲ ಚಾಚಾ. ಖಾಲಿ."

"ಮತ್ತ ಕನ್ನಡಿ ಕೂಡಸ್ತೀರೇನು?"

"ಇಲ್ಲ."

"ಟಿವಿ?"

"ಇಲ್ಲ ಚಾಚಾ. ಏನೂ ಬೇಡ."

ಅವರು ನನ್ನನ್ನು ಕನಿಕರದಿಂದ ನೋಡಿ ಹೊರಗೆ ಹೋಗಿ, ತಮ್ಮ ಜೊತೆಗಾರನಿಗೆ ಫೋನ್ ಹಚ್ಚಿದರು. ಬಾಗಿಲು ತೆರೆದೇ ಇತ್ತು, ಹಾಗಾಗಿ ಕೇಳಿಸಿತು. ನಾನು ಕದ್ದು ಕೇಳಿದ್ದಲ್ಲ.

"ಹಾಂ ಭಾಯ್, ಫ್ರೇಮಿನ ಕೆಲಸ ಅದ. ಮೂರು. ಒಳಗ ಏನ್ ಹಾಕ್ತಾರ?" ಆ ಕಡೆಯವನ ಪ್ರಶ್ನೆಯನ್ನು ತಾವೂ ಒಮ್ಮೆ ಹೇಳಿ, ದನಿ ತಗ್ಗಿಸಿ ಉತ್ತರ ಕೊಟ್ಟರು: "ಗ್ವಾಡಿ."

ಹೊಸದು ಹೊಂದಿಕೋಬೇಕು

ಚಾಚಾ ನೀರುಮಟ್ಟ ಇಟ್ಟು ಮೊದಲ ಪಟ್ಟಿ ಅಂಟಿಸಿದರು. ನೀರುಮಟ್ಟ ಎಂದರೆ ಒಳಗೆ ಗುಳ್ಳೆ ಓಡಾಡುವ ಸಣ್ಣ ಗಾಜಿನ ಕೊಳವೆ ಇರುವ ಕೋಲು. ಗುಳ್ಳೆ ನಡುವೆ ನಿಂತರೆ ಪಟ್ಟಿ ನೆಟ್ಟಗಿದೆ ಎಂದರ್ಥ. ಗುಳ್ಳೆ ನಡುವೆಯೇ ನಿಂತಿತ್ತು.

ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಒಂದು ಕಣ್ಣು ಮುಚ್ಚಿ ನೋಡಿದರು. "ಚಾಚಾ, ಬಲಕ್ಕ ಇಳದದ."

"ಇಲ್ರಿ ಸಾಹೇಬರ, ಪಟ್ಟಿ ನೆಟ್ಟಗದ."

"ಛತ್ತು ನೋಡ್ರಿ, ಪಟ್ಟಿ ನೋಡ್ರಿ. ಕೂಡವಲ್ವು."

ಚಾಚಾ ನೀರುಮಟ್ಟವನ್ನು ಛಾವಣಿಗೆ ಹಿಡಿದರು. ಗುಳ್ಳೆ ಒಂದೇ ಓಟಕ್ಕೆ ಮೂಲೆ ಸೇರಿತು. ಕೆಳಗೆ ಪರಸಿಕಲ್ಲಿನ ನೆಲಕ್ಕೆ ಇಟ್ಟರು. ಇನ್ನೊಂದು ಮೂಲೆಗೆ ಓಡಿತು.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಈ ಮನೆ ಕಟ್ಟಿಸುವಾಗ ನಮ್ಮ ಮನೆಯವರು ರಜೆ ಹಾಕಿ ಎದುರಿಗೆ ನಿಂತಿದ್ದರು. "ಒಂದೊಂದು ಇಟ್ಟಂಗಿ ನನ್ನ ಕಣ್ಣಮುಂದ ಬಿದ್ದದ" ಎಂದು ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಹೇಳುತ್ತಾರೆ.

"ಪಟ್ಟಿ ನೆಟ್ಟಗದರಿ, ಮನಿನೇ ಸ್ವಲ್ಪ..." ಎಂದು ಚಾಚಾ ಮರ್ಯಾದೆಗೆ ಅಷ್ಟಕ್ಕೇ ನಿಲ್ಲಿಸಿದರು.

ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟರು: "ಹಂಗಂದ್ರ ಪಟ್ಟಿನೇ ಸ್ವಲ್ಪ ಸೊಟ್ಟ ಹೊಡೀರಿ. ಹೊಸದಾಗಿ ಬಂದದ್ದು ಮನಿಗಿ ಹೊಂದಿಕೋಬೇಕು."

ಈ ಮಾತು ಎಲ್ಲೋ ಕೇಳಿದಂತಿದೆಯಲ್ಲ ಎನಿಸಿತು. ಆಮೇಲೆ ನೆನಪಾಯಿತು, ಮದುವೆಯಾಗಿ ಬಂದ ದಿನ ನನಗೂ ಇದನ್ನೇ ಹೇಳಿದ್ದರು.

ಪಕ್ಕದ ಮನೆಯವರ ಗೇಣು

ನಮ್ಮ ಕಡೆ ಯಾರಾದರೂ ಮನೆ ಚಂದ ಮಾಡಿಸಿದರೆ ನೋಡಲು ಹೋಗುವುದು ಒಂದು ಪದ್ಧತಿ. ಕರೆಯಬೇಕೆಂದಿಲ್ಲ. ಬಂದವರೆಲ್ಲ ಆ ಗೋಡೆಯ ಮುಂದೆ ನಿಂತು ಕೇಳುವುದು ಒಂದೇ ಪ್ರಶ್ನೆ: "ಕೆಲಸ ಇನ್ನಾ ಮುಗದಿಲ್ಲೇನ್ರಿ?"

ಪಕ್ಕದ ಮನೆಯ ಹೆಂಗಸು ಮಾತ್ರ ಏನೂ ಕೇಳಲಿಲ್ಲ. "ಭಾಳ ಛಂದ ಆಗ್ಯಾವ ವೈನಿ" ಎಂದು ಚೌಕಟ್ಟಿನ ಮೇಲೆ ಪ್ರೀತಿಯಿಂದ ಕೈ ಆಡಿಸಿದರು. ನನಗೆ ಸಂತೋಷವಾಯಿತು. ಆಡಿಸುತ್ತಿದ್ದ ಆ ಕೈ ಗೇಣು ಹಾಕಿ ಅಳತೆ ತೆಗೆಯುತ್ತಿತ್ತು ಎಂದು ಗೊತ್ತಾದದ್ದು ಮುಂದಿನ ಸೋಮವಾರ. ಅಂದು ಅವರು ಮೂರು ದೇವರ ಪಟ ಹೊತ್ತುಕೊಂಡು ಬಂದರು. ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ದೇವರನ್ನು ಬೇಡ ಅನ್ನುವುದು ಹೇಗೆ? "ಮಲಗೋ ಖೋಲಿಯಾಗ ದೇವರು ಬ್ಯಾಡ್ರಿ, ಜಗಲಿ ಮ್ಯಾಲೆ ಇಡ್ತೀನಿ" ಎಂದೆ. ಜಗಲಿ ಎಂದರೆ ನಮ್ಮಲ್ಲಿ ದೇವರನ್ನು ಇಡುವ ಕಟ್ಟೆ. ಅಲ್ಲಿ ಆಗಲೇ ದೇವರುಗಳು ಸಿಟಿ ಬಸ್ಸಿನಲ್ಲಿ ನಿಂತಂತೆ ಒಬ್ಬರ ಹೆಗಲಿಗೆ ಒಬ್ಬರು ತಾಗಿಕೊಂಡು ನಿಂತಿದ್ದರು. ಮೂರು ಪಟಗಳನ್ನೂ ಓರೆಯಾಗಿ ತುರುಕಿದೆ.

ಅವರು ಜಗಲಿಯನ್ನು ನೋಡಿದರು, ಕೋಣೆಯನ್ನು ನೋಡಿದರು, ಚಪ್ಪಲಿ ಮೆಟ್ಟುತ್ತ ಹೇಳಿದರು: "ದೇವರಿಗಿ ನಿಂದ್ರಲಾಕ ಜಾಗಾ ಇಲ್ಲ. ಗ್ವಾಡಿಗಿ ನೋಡಿದ್ರ ಮೂರು ಮನಿ ಕಟ್ಟಸೀರಿ!"

ಅಷ್ಟ ನಗಸು

ಅತ್ತೆ ಬಂದರು. ಅವರು ಕಮಲಾಪುರದಲ್ಲಿ ಹಿರಿಯ ಮಗನ ತುಂಬಿದ ಮನೆಯಲ್ಲಿರುತ್ತಾರೆ. ಆಗಾಗ ನಮ್ಮಲ್ಲಿಗೆ ಬರುವಾಗ ಅಲ್ಲಿಯ ಕೆಂಪು ಬಾಳೆಹಣ್ಣಿನ ಗೊನೆಯನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡೇ ಬರುತ್ತಾರೆ. ಬಿಸಿಲು ಜೋರಿತ್ತು, ನಮ್ಮ ಕೋಣೆಯಲ್ಲಿ ಕೂಲರ್ ಇದೆ ಎಂದು ಅವರಿಗೆ ಅಲ್ಲೇ ಹಾಸಿಕೊಟ್ಟೆ.

ಅವರ ಕಣ್ಣು ನೆಟ್ಟಗೆ ನಡುವಿನ ಚೌಕಟ್ಟಿಗೇ ಹೋಯಿತು. ಇದಕ್ಕೆ ಕಾರಣವಿದೆ. ನಮ್ಮ ಕಡೆ ಗೋಡೆಯ ನಟ್ಟನಡುವೆ ದೊಡ್ಡ ಚೌಕಟ್ಟು ಎಂದರೆ ಅದು ತೀರಿಕೊಂಡ ಹಿರಿಯರದು. ಮಾಲೆ ಹಾಕಿರುತ್ತಾರೆ.

"ನಡುವಿಂದು ಯಾರದು?" ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಮನೆಯವರು ಸಮಾಧಾನ ಹೇಳಿಬಿಟ್ಟರು. "ಯಾರದೂ ಅಲ್ಲವ್ವಾ. ಸದ್ಯಕ್ಕ ಖಾಲಿ ಬಿಟ್ಟೀವಿ."

'ಸದ್ಯಕ್ಕ' ಎನ್ನುವುದೊಂದು ಬೇಡವಾಗಿತ್ತು. ಅತ್ತೆ ಊಟ ಮಾಡಿ ಮಲಗಿದರು. ನಾನು ನಮ್ಮ ಮನೆಯವರನ್ನು ಅಡುಗೆಮನೆಗೆ ಕರೆದು ಬೈದೆ. ಬೈಸಿಕೊಂಡು, "ನಾ ಏನ್ ತಪ್ಪು ಹೇಳ್ದೆ, ಖಾಲಿ ಅದ ಅಲ್ಲ?" ಎಂದರು.

ಮರುದಿನ ಅತ್ತೆ ಇಳಕಲ್ ಸೀರೆ ಉಟ್ಟು, ಮಗಳನ್ನು ಕರೆದುಕೊಂಡು ಶರಣಬಸವೇಶ್ವರ ಗುಡಿಗೆ ಹೋದರು. ಬೇಗ ಬರಲಿಲ್ಲ. ಬಂದ ಮೇಲೆ ಮಗಳು ನಗು ತಡೆಯಲಾರದೆ ನಡೆದದ್ದನ್ನು ಹೇಳಿದಳು. ಗುಡಿಯಿಂದ ಅವರು ನೆಟ್ಟಗೆ ಹೋದದ್ದು ಫೋಟೋ ಸ್ಟುಡಿಯೋಕ್ಕೆ.

"ದೊಡ್ಡ ಫೋಟೋ ತೆಗಿಯಪ್ಪಾ. ಫ್ರೇಮ್ ಬ್ಯಾಡ, ಫ್ರೇಮ್ ನನ್ನ ಮಗ ಮನ್ಯಾಗ ತಯಾರ್ ಇಟ್ಟಾನ."

ಫೋಟೋದವನು ದೀಪ ಸರಿಮಾಡಿ, "ಅಮ್ಮಾ, ಸ್ವಲ್ಪ ನಗ್ರಿ" ಎಂದನಂತೆ.

"ಎಷ್ಟು ನಗಬೇಕಪ್ಪಾ? ಮಾಲಿ ಹಾಕಿದ ಮ್ಯಾಲೆ ಛಲೋ ಕಾಣಬೇಕು ನೋಡು. ಅಷ್ಟ ನಗಸು."

ನನಗೆ ಅಳುವೇ ಬಂತು. ಅತ್ತೆಯ ಕೈ ಹಿಡಿದುಕೊಂಡು, ಇದು ಬರಿಯ ಅಲಂಕಾರ, ಎಲ್ಲ ಕಡೆ ಹೀಗೇ ಮಾಡುತ್ತಾರೆ, ಯಾರಿಗೂ ಕಾಯ್ದಿಟ್ಟದ್ದಲ್ಲ ಎಂದು ಮೊದಲಿನಿಂದ ಕಡೆಯವರೆಗೂ ವಿವರಿಸಿದೆ. ಮೊಬೈಲ್ ಚಿತ್ರವನ್ನೂ ತೋರಿಸಿದೆ. ಅವರು ಬೆನ್ನು ತಟ್ಟಿದರು.

"ಅಳಬ್ಯಾಡ, ಸಿಟ್ಟಿಲ್ಲ ನನಗ. ನಿಮ್ಮ ಕೈಯಾಗ ಬಿಟ್ರ ಆಧಾರ್ ಕಾರ್ಡಿನ ಫೋಟೋ ದೊಡ್ಡದು ಮಾಡಿ ಹಾಕ್ತೀರಿ. ಅದರಾಗ ನಾ ಕೋಳಿ ಕದ್ದು ಸಿಕ್ಕಿಬಿದ್ದಂಗ ಕಾಣ್ತೀನಿ."

ಅತ್ತಿ ಕಾಟ

ಫೋಟೋ ಬಂತು. ದಪ್ಪ ಹಲಗೆಗೆ ಅಂಟಿಸಿದ್ದರು. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿತ್ತು. ಅತ್ತೆ ತಾವೇ ನಿಂತು ಮಗನ ಕೈಯಲ್ಲಿ ನಡುವಿನ ಚೌಕಟ್ಟಿನೊಳಗೆ ಕೂಡಿಸಿದರು. ಅಲ್ಲಿಗೆ ನನ್ನ ಖಾಲಿ ಗೋಡೆಯ ಕಥೆ ಮುಗಿಯಿತು ಎಂದುಕೊಂಡೆ. ಹಿರಿಯರ ಮನಸ್ಸಿಗಿಂತ ಗೋಡೆ ದೊಡ್ಡದಲ್ಲ, ಇರಲಿ ಎಂದು ಸಮಾಧಾನವನ್ನೂ ಮಾಡಿಕೊಂಡೆ. ಸಮಾಧಾನ ಪೂರ್ತಿ ಆಗಲಿಲ್ಲ, ಅದು ಬೇರೆ ಮಾತು.

ಮಧ್ಯಾಹ್ನ ಊಟ ಮುಗಿಸಿ ಅತ್ತೆ ಮಂಚದ ಮೇಲೆ ಒರಗಿದರು. ಮಂಚದ ಎದುರೇ ಆ ಗೋಡೆ ಎಂದು ಮೊದಲೇ ಹೇಳಿದ್ದೇನೆ. ಸ್ವಲ್ಪ ಹೊತ್ತಿಗೆ ಆ ಮಗ್ಗುಲಾದರು. ಮತ್ತೆ ಈ ಮಗ್ಗುಲಾದರು. ಸೆರಗು ಮುಖಕ್ಕೆ ಎಳೆದುಕೊಂಡರು. ಸೆರಗು ಸರಿಸಿ ಮೆಲ್ಲಗೆ ಇಣುಕಿದರು. ಕಡೆಗೆ ಎದ್ದು ಕುಳಿತು ನನ್ನನ್ನು ಕೂಗಿದರು.

"ಅದನ್ನ ತೆಗಿಯವ್ವಾ!"

"ಯಾಕತ್ತಿ, ಛಲೋ ಬಂದದಲ್ಲ?"

"ಛಲೋ ಏನ್ ಬಂತು! ಕಣ್ಣು ಮುಚ್ಚಿದರೂ ನೋಡ್ತಾಳ, ತೆಗೆದರೂ ನೋಡ್ತಾಳ. ಹಾಡಹಗಲ ಮಲಗೀದಿ ಅಂತ ಅಂದಂಗ ಆಗ್ತದ." ನೀರು ಕುಡಿದು ನಿಟ್ಟುಸಿರು ಬಿಟ್ಟರು. "ಅತ್ತಿ ಕಾಟ ಅಂದ್ರ ಏನಂತ ನನಗ ಇವತ್ತ ತಿಳೀತು ನೋಡು."

ಲೆಕ್ಕ ತಪ್ಪಿದ್ದು

ಫೋಟೋ ಅತ್ತೆಯ ಟ್ರಂಕು ಸೇರಿತು. ಗೋಡೆ ಖಾಲಿಯಾಯಿತು. ಕೋಣೆ ಮಾತ್ರ ಅತ್ತೆಯದೇ ಆಯಿತು. ಎರಡು ರಾತ್ರಿಗಿಂತ ಹೆಚ್ಚು ನಮ್ಮಲ್ಲಿ ನಿಲ್ಲದವರು ಕಮಲಾಪುರದ ಮಾತನ್ನೇ ಎತ್ತಲಿಲ್ಲ. ನಾನು, ನಮ್ಮ ಮನೆಯವರು ಪಡಸಾಲೆಯಲ್ಲಿ ಮಲಗುತ್ತೇವೆ. ನಾನು ಬೆಳಗಿನ ಚಹಾ ಒಯ್ದಾಗ ಅತ್ತೆ ಗೋಡೆಯ ಮೇಲಿನ ಬಿಸಿಲನ್ನು ನೋಡುತ್ತ ಕುಳಿತಿರುತ್ತಾರೆ. ನಾನೂ ಮಂಚದ ತುದಿಗೆ ಕುಳಿತು ನೋಡುತ್ತೇನೆ. ಅದು ಚೆನ್ನಾಗಿರುತ್ತದೆ.

ಮೊನ್ನೆ ಪಕ್ಕದ ಮನೆಯವರು ಮತ್ತೆ ಬಂದರು. ಈ ಸಲ ಕೈಯಲ್ಲಿ ಜಲಪಾತದ ದೊಡ್ಡ ಚಿತ್ರ. ದೇವರಲ್ಲ, ಹಾಗಾಗಿ ನಾನು ಜಗಲಿಯ ನೆಪ ಹೇಳುವಂತಿರಲಿಲ್ಲ. ಅಷ್ಟರಲ್ಲಿ ಅತ್ತೆ ಮಂಚದ ಮೇಲಿಂದಲೇ ಕೈ ಅಡ್ಡ ಹಿಡಿದರು.

"ಅದಕ್ಕ ಏನೂ ಹಾಕಬಾರದು."

"ಯಾಕ್ರಿ ಅಮ್ಮ? ಬರೇ ಫ್ರೇಮ್ ಬಣಬಣ ಕಾಣ್ತದಲ್ಲ?"

"ಕಾಣಲಿ. ಫ್ರೇಮ್ ತುಂಬಿದ್ರ ಯಾರೋ ಹೋಗ್ಯಾರ ಅಂತ ಅರ್ಥ. ಖಾಲಿ ಅದ ಅಂದ್ರ ಮನಿಮಂದಿ ಎಲ್ಲಾ ಗಟ್ಟಿಮುಟ್ಟಿ ಇದ್ದಾರಂತ. ಗೊತ್ತಾತಿಲ್ಲೋ?"

ನಾನು ಇಷ್ಟು ದಿನ ಇಷ್ಟು ಜನರಿಗೆ ಇಷ್ಟು ವಿವರಿಸಿದರೂ ಯಾರೂ ಒಪ್ಪದಿದ್ದದ್ದು ಆ ಒಂದು ಮಾತಿಗೆ ಮುಗಿಯಿತು. ಪಕ್ಕದ ಮನೆಯವರು ಚಿತ್ರವನ್ನು ಕಂಕುಳಲ್ಲಿ ಇರುಕಿಕೊಂಡು ಗೋಡೆಯನ್ನು ಹೊಸದಾಗಿ, ಭಕ್ತಿಯಿಂದ ನೋಡಿದರು. ಬೆರಳು ಮಡಚಿ ಏನೋ ಎಣಿಸಿದರು.

"ವೈನಿ, ಆ ಮಿಸ್ತ್ರಿ ನಂಬರ್ ಕೊಡ್ರಿ. ನಮಗ ಐದು ಬೇಕು. ನಾವು ಐದು ಮಂದಿ ಇದ್ದೀವಿ."

ನಂಬರ್ ಕೊಟ್ಟು ಕಳಿಸಿ, ಗೆದ್ದೆ ಎಂದು ನಗುತ್ತ ಕೋಣೆಗೆ ಬಂದೆ. ಅತ್ತೆ ನಗುತ್ತಿರಲಿಲ್ಲ. ಗೋಡೆಯ ಮೂರು ಚೌಕಟ್ಟುಗಳನ್ನು ನೋಡಿದರು. ನನ್ನನ್ನು ನೋಡಿದರು, ಬಾಗಿಲಲ್ಲಿ ನಿಂತ ಮಗನನ್ನು ನೋಡಿದರು, ಪುಸ್ತಕ ಹಿಡಿದು ಕುಳಿತ ಮೊಮ್ಮಗಳನ್ನು ನೋಡಿದರು, ಕಡೆಗೆ ತಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡರು.

"ಚಾಚಾಗ ಮೊದಲ ನಮ್ಮ ಮನಿಗಿ ಬಾ ಅನ್ನು" ಎಂದರು. "ನಮಗ ಒಂದು ಕಡಿಮಿ ಬಿದ್ದದ."