ಗೆದ್ದವನಿಗೆ ಹೋಳಿಗೆ

ಫ್ರಿಜ್ ರಿಪೇರಿ ಮಾಡುವವನಿಗೆ ಫ್ರಿಜ್ಜಿನಿಂದ ಅಂಥ ಅಪಾಯವೇನೂ ಇಲ್ಲ. ಕರೆಂಟು ಹೊಡೆದರೆ ಕೈ ಝಾಡಿಸಿಕೊಂಡು ಮುಂದಿನ ಕೆಲಸ ನೋಡಬಹುದು. ಅಪಾಯ ಇರುವುದು ಫ್ರಿಜ್ಜಿನ ಮಾಲೀಕರಿಂದ. ಆಳಂದ, ಅಫಜಲಪುರ, ಜೇವರ್ಗಿ ಅಂತ ಮೂರು ತಾಲೂಕು ಗಾಡಿ ಮೇಲೆ ತಿರುಗುವ ನನಗೆ ಇಂಥವು ಆಗುತ್ತಲೇ ಇರುತ್ತವೆ. ನನ್ನ ಹಣೆಬರಹವನ್ನು ಪಾಕದಲ್ಲಿ ಅದ್ದಿ ಬರೆದಿರಬೇಕು.

ವಿಷಯ ಏನೆಂದರೆ, ಫ್ರಿಜ್ಜಿಗೆ ಗ್ಯಾಸ್ ತುಂಬಿದ ಕೂಡಲೇ ಎದ್ದು ಬರುವಂತಿಲ್ಲ. ಐಸ್ ಕಟ್ಟುತ್ತದೋ ಇಲ್ಲವೋ ನೋಡಲು ತಾಸೆರಡು ತಾಸು ಕೂಡಬೇಕು. ಮನೆಗೆ ಬಂದವನನ್ನು ಬರಿಗೈಯಲ್ಲಿ ಕೂಡಿಸುವುದು ನಮ್ಮ ಕಡೆ ಪಾಪದ ಕೆಲಸ. ಶೇಂಗಾ ಹೋಳಿಗೆ ಬರುತ್ತದೆ, ಉಂಡಿ ಬರುತ್ತದೆ. ಬೇಡ ಎಂದರೆ ಎರಡು ಬೀಳುತ್ತವೆ, ಸಾಕು ಎಂದರೆ ಮತ್ತೆರಡು. ತಾಟಿನ ಮೇಲೆ ಕೈ ಅಡ್ಡ ಇಟ್ಟರೆ ಬೆರಳ ಸಂದಿಯಿಂದ ತುಪ್ಪ ಸುರಿಯುತ್ತಾರೆ.

ಹೀಗೆ ತಿಂದು ತಿಂದು ನನಗೆ ಶುಗರ್ ಬಂತು. ಡಾಕ್ಟರು ಮೂರು ತಿಂಗಳ ಗಡುವು ಕೊಟ್ಟು, ಅಷ್ಟರಲ್ಲಿ ಇಳಿಸಿಕೊಂಡು ಬಾ ಎಂದರು. ನನ್ನ ಹೆಂಡತಿ ಇನ್ನೊಂದು ಕರಾರು ಸೇರಿಸಿದಳು. “ಇಳೀಲಿಲ್ಲಂದ್ರ ಗಾಡಿ ಕೀಲಿ ನನ್ನ ಕೈಗಿ ಕೊಡ್ರಿ. ನೀವು ಅಂಗಡ್ಯಾಗ ಕೂಡ್ರಿ. ಫ್ರಿಜ್ಜೇ ನಿಮ್ಮ ಕಡಿ ಬರ್ಲಿ.”

ಮುಂಜಾನೆ ತೊಗರಿ ಹೊಲಗಳ ನಡುವೆ ಗಾಡಿ ಹೊಡೆದುಕೊಂಡು ಹೋಗುವಾಗ ನಾನು ಯಾರ ಮಾತನ್ನೂ ಕೇಳಬೇಕಿಲ್ಲದ ಮನುಷ್ಯ. ಅಂಗಡಿಯಲ್ಲಿ ಕುಳಿತರೆ ಆ ಸುಖ ಎಲ್ಲಿ? ಕೀಲಿ ಹೋದರೆ ನನ್ನ ಅರ್ಧ ಜೀವ ಹೋದಂತೆಯೇ.

ಆಗ ನೆನಪಾದದ್ದು ತಾವ್ಲಾ. ದುಬೈಯಲ್ಲಿ ಏಸಿ ಮೆಕ್ಯಾನಿಕ್ ಆಗಿದ್ದಾಗ ಕಲಿತ ಆಟ. ಇಂಗ್ಲಿಷಿನವರು ಬ್ಯಾಕ್‌ಗ್ಯಾಮನ್ ಅನ್ನುತ್ತಾರೆ. ನಮ್ಮ ಪಗಡೆಯ ದೂರದ ಬೀಗರ ಪೈಕಿ ಅಂತ ತಿಳಿಯಿರಿ. ಮಡಚುವ ಹಲಗೆ, ಎರಡು ದಾಳ, ಒಬ್ಬೊಬ್ಬರಿಗೆ ಹದಿನೈದು ಕಾಯಿ. ಇಬ್ಬರೂ ಎದುರುಬದುರು ದಿಕ್ಕಿನಲ್ಲಿ ನಡೆಸುತ್ತ ಹೋಗಿ, ಎಲ್ಲ ಕಾಯಿಗಳನ್ನು ಮೊದಲು ಹಲಗೆಯಿಂದ ಇಳಿಸಿದವನು ಗೆದ್ದ. ಒಂಟಿ ಕಾಯಿ ಸಿಕ್ಕರೆ ಎದುರಿನವನು ಹೊಡೆಯುತ್ತಾನೆ, ಅದು ಮತ್ತೆ ಮೊದಲಿನಿಂದ ಬರಬೇಕು. ಜೋಡಿಯಾಗಿದ್ದರೆ ಹೊಡೆಯುವಂತಿಲ್ಲ. ಆದ್ದರಿಂದ ಕಾಯಿಗಳನ್ನು ಒಂಟಿ ಬಿಡಬಾರದು ಅನ್ನುವುದೇ ಈ ಆಟದ ಮೊದಲ ಬುದ್ಧಿ.

ನನ್ನ ಉಪಾಯ ಇದರ ಉಲ್ಟಾ. ಹಲಗೆಯನ್ನು ರಿಪೇರಿ ಪಾನಾಗಳ ಚೀಲದಲ್ಲಿ ಇಟ್ಟುಕೊಂಡು ಹೋಗುವುದು. ಹೋಳಿಗೆ ಬಂದ ಕೂಡಲೇ “ಆಡೂಣ್ರಿ, ನಾ ಗೆದ್ರ ತಿಂತೇನಿ, ಸೋತ್ರ ಇಲ್ಲ” ಅನ್ನುವುದು. ಆಮೇಲೆ ಕಾಯಿಗಳನ್ನೆಲ್ಲ ಒಂಟಿ ಬಿಟ್ಟು ಸೋತು ಬರುವುದು. ಅವರ ಮಾನವೂ ಉಳಿಯಿತು, ನನ್ನ ಗಾಡಿಯೂ ಉಳಿಯಿತು. ಇಷ್ಟು ಬುದ್ಧಿ ನನಗೆ ಇದೆ ಅಂತ ನನಗೇ ಗೊತ್ತಿರಲಿಲ್ಲ.

೧. ಹೊಡೆಯಲೊಲ್ಲದ ಗೌಡರು

ಮೊದಲ ಪ್ರಯೋಗ ಕಿಣ್ಣಿ ಸುಲ್ತಾನದ ಒಬ್ಬ ಹಿರಿಯ ಗೌಡರ ಮನೆಯಲ್ಲಿ. ಪಗಡೆ ಆಡಿ ಬೆಳೆದ ಜೀವ, ಒಂದು ಸಲ ಹೇಳಿದ್ದಕ್ಕೇ ಆಟ ತಿಳಿದುಕೊಂಡರು. ನಾನು ಮೊದಲ ದಾಳಕ್ಕೇ ಎರಡು ಕಾಯಿ ಒಂಟಿ ಬಿಟ್ಟೆ. ಅವರಿಗೆ ಹೊಡೆಯುವ ದಾಳವೇ ಬಿತ್ತು. ಗೌಡರು ನನ್ನ ಕಾಯಿಯನ್ನು ದಾಟಿಕೊಂಡು ಬೇರೆ ಕಾಯಿ ನಡೆಸಿದರು.

“ಗೌಡ್ರ, ಹೊಡಿಯಾಕ ಬರ್ತಿತ್ತಲ್ರಿ.”

“ಮನಿಗಿ ಬಂದವ್ರ ಕಾಯಿ ಹೊಡದು ನಾ ಎಲ್ಲಿಗಿ ಹೋಗ್ಲಿ? ನಂದು ಒಂಟಿ ಅದ ನೋಡ್ರಿ, ನೀವು ಹೊಡೀರಿ.”

“ಹಿರಿಯರ ಕಾಯಿ ಹೊಡಿಯಾಕ ನನಗ ಕೈ ಬರಂಗಿಲ್ರಿ.”

ನಾನು ಶುಗರಿಗೆ ಅಂಜಿ ಸೋಲಬೇಕು, ಅವರು ನನಗೆ ಉಣಿಸಬೇಕೆಂದು ಸೋಲಬೇಕು. ಹಲಗೆಯ ತುಂಬ ಒಂಟಿ ಕಾಯಿಗಳು ದಿಕ್ಕಿಲ್ಲದೆ ನಿಂತವು. ಎಲ್ಲಾದರೂ ಬೇರೆ ದಾರಿಯೇ ಇಲ್ಲದೆ ಹೊಡೆಯಬೇಕಾಗಿ ಬಂದರೆ ಗೌಡರು ನನ್ನ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟು, “ತಪ್ಪು ತಿಳೀಬ್ಯಾಡ್ರಿ” ಅಂತ ಕೈ ಮುಗಿಯುತ್ತಿದ್ದರು. ಬಾಗಿಲಲ್ಲಿ ನಿಂತ ಪಕ್ಕದ ಮನೆಯವನು, “ಯಾರು ಗೆಲ್ಲಾಕತ್ತಾರ್ರಿ?” ಅಂತ ಕೇಳಿದ. “ದೇವರ ದಯಾ, ಇನ್ನೂ ತನಕ ಯಾರೂ ಇಲ್ಲ” ಅಂದರು ಗೌಡರು.

ಕಡೆಗೆ ನನ್ನ ದೈವ ಕೆಟ್ಟಿತು. ಒಂದರ ಹಿಂದೆ ಒಂದು ಜೋಡಿ ಆರು ಬಿದ್ದು, ತಡೆದರೂ ನಿಲ್ಲದೆ ಕಾಯಿಗಳು ತಾವಾಗಿಯೇ ಇಳಿದು ಹೋದವು. ಗೆದ್ದುಬಿಟ್ಟೆ. ಅಷ್ಟರಲ್ಲಿ ಫ್ರಿಜ್ಜಿನಲ್ಲಿ ಐಸ್ ಎಷ್ಟು ಕಟ್ಟಿತ್ತೆಂದರೆ ಮೇಲಿನ ಬಾಗಿಲು ತೆಗೆಯಲು ಸ್ಕ್ರೂಡ್ರೈವರ್ ಬೇಕಾಯಿತು. ಗೌಡರು ಬೆವರು ಒರೆಸಿಕೊಳ್ಳುತ್ತ ತಾಟು ಮುಂದಿಟ್ಟರು. “ಜೀವನದಾಗ ಇಷ್ಟು ಕಷ್ಟಪಟ್ಟು ಯಾರಿಗೂ ಸೋತಿಲ್ಲ ನೋಡ್ರಿ. ಅದಕ್ಕರೆ ಇನ್ನೆರಡು ತಿನ್ರಿ.”

೨. ಸೋತವರಿಗೂ ಹಸಿವು

ದಾಳವನ್ನು ನಂಬಿದರೆ ಕೆಲಸ ಕೆಡುತ್ತದೆ ಅಂತ ಗೊತ್ತಾಯಿತು. ತಾವ್ಲಾದ ಡಬ್ಬಿಯಲ್ಲಿ ಇನ್ನೊಂದು ದೊಡ್ಡ ದಾಳ ಇರುತ್ತದೆ. ಅದನ್ನು ಉರುಳಿಸುವುದಿಲ್ಲ, ಎದುರಿಗೆ ಇಡುತ್ತಾರೆ ಅಷ್ಟೆ. ಅದರ ಮೇಲೆ ಎರಡು, ನಾಲ್ಕು, ಎಂಟು ಅಂತ ಅರವತ್ನಾಲ್ಕರವರೆಗೆ ಅಂಕಿ. ತನ್ನ ಕೈ ಮೇಲಾಗಿದೆ ಅನ್ನಿಸಿದವನು ಅದನ್ನು ಎದುರಿನವನ ಮುಂದಿಟ್ಟು, ಪಣ ದುಪ್ಪಟ್ಟು ಅನ್ನುತ್ತಾನೆ. ಒಪ್ಪಿದರೆ ಆಟ ಮುಂದೆ ನಡೆಯುತ್ತದೆ. ಬೇಡ ಅಂದರೆ ಅಲ್ಲಿಗೇ ಸೋತ. ಜಾಣರು ಯಾವಾಗ ಬೇಡ ಅನ್ನಬೇಕೆಂದು ವರ್ಷಗಟ್ಟಲೆ ಕಲಿಯುತ್ತಾರೆ. ನನಗೆ ಕಲಿಯುವುದೇನಿತ್ತು? ಬೇಡ ಅಂದರೆ ಸೋಲು, ನನಗೆ ಬೇಕಾದದ್ದೂ ಸೋಲು.

ಹವಳಗಾದಲ್ಲಿ ಒಬ್ಬ ಕಬ್ಬಿನ ಸಾಹುಕಾರರ ಮನೆ. ಸಕ್ಕರೆ ಕಾರ್ಖಾನೆಯ ಊರಿನಲ್ಲಿ ಸಿಹಿ ಬೇಡ ಅನ್ನುವವನನ್ನು ಜನ ತಿರುಗಿ ನೋಡುತ್ತಾರೆ. ನಾನು ದುಪ್ಪಟ್ಟಿನ ನಿಯಮವನ್ನು ಎರಡೆರಡು ಸಲ ಬಿಡಿಸಿ ಹೇಳಿದೆ. ಸಾಹುಕಾರರು ತಲೆ ಆಡಿಸಿ, ನಾಲ್ಕು ದಾಳ ಆಡಿದ ಮೇಲೆ ದೊಡ್ಡ ದಾಳವನ್ನು ನನ್ನ ಮುಂದಿಟ್ಟರು. “ಎರಡು ಮಾಡ್ಲೇನ್ರಿ?”

“ಬ್ಯಾಡ್ರಿ” ಅಂದೆ, ಒಳಗೊಳಗೇ ಕುಣಿಯುತ್ತ.

ಅವರು ದಾಳವನ್ನು ನಾಲ್ಕಕ್ಕೆ ತಿರುಗಿಸಿದರು. “ನಾಚ್ಕೋಬ್ಯಾಡ್ರಿ. ನಾಕು ಇರ್ಲಿ.”

“ಹಂಗಲ್ರಿ ಸಾಹುಕಾರ್ರ, ನಾ ಬ್ಯಾಡ ಅಂದೆ ಅಂದ್ರ ಆಟ ಮುಗೀತು. ನಾ ಸೋತೆ.”

“ಮೊದಲ ಎಲ್ಲಾರೂ ಬ್ಯಾಡ ಅಂತಾರ್ರಿ. ಎಂಟು.”

ಒಳಗಿಂದ ಅವರ ಹೆಂಡತಿ ಕೂಗಿದರು: “ಎಷ್ಟಂತ? ಹಿಟ್ಟು ನಾದೂದದ, ಲಗೂನ ಹೇಳ್ರಿ.” ಹದಿನಾರಾಯಿತು, ಮೂವತ್ತೆರಡಾಯಿತು. ಅರವತ್ನಾಲ್ಕಕ್ಕೆ ಬಂದ ಮೇಲೆ ಸಾಹುಕಾರರು ದಾಳವನ್ನು ಸುತ್ತ ತಿರುಗಿಸಿ, “ಇಷ್ಟ ಏನು ಇದರಾಗ?” ಅಂತ ಬೇಜಾರು ಮಾಡಿಕೊಂಡರು. ನಾನು ಧೈರ್ಯ ಮಾಡಿ, ಏನೇ ಆದರೂ ಸೋತವನು ನಾನೇ, ತಿನ್ನುವ ಹಕ್ಕು ನನಗಿಲ್ಲ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು. “ಸೋತ್ರ ಏನಾತ್ರಿ, ಸೋತವ್ರಿಗಿ ಹಸಿವಿರಂಗಿಲ್ಲೇನು?”

ಹೊಟ್ಟೆಗೆ ಹಿಡಿಯದಷ್ಟನ್ನು ಗಂಟು ಕಟ್ಟಿ ಗಾಡಿಗೆ ಬಿಗಿದರು. ಮನೆಗೆ ಬಂದರೆ ಹೆಂಡತಿ ಗಂಟು ಬಿಚ್ಚಿದಳು. “ಇವೇನ್ರಿ?”

“ಸೋತದ್ದು.”

“ಸೋತ್ರ ಇಷ್ಟು. ಗೆದ್ದಿದ್ರ ಟ್ರ್ಯಾಕ್ಟರ್ ಬರ್ತಿತ್ತೇನು?”

೩. ಅಮ್ಮಿ ಮತ್ತು ಸುರಕುಂಬಾ

ಇದು ಸಣ್ಣದು. ರಮಜಾನ್ ಹಬ್ಬದ ದಿನ ಆಳಂದದಲ್ಲಿ ನನ್ನ ದರ್ಜಿ ಗೆಳೆಯನ ಫ್ರಿಜ್ಜೇ ಕೆಡಬೇಕೆ? ಅವನಿಗೆ ಮೊದಲೇ ನನ್ನ ಕಷ್ಟವನ್ನೆಲ್ಲ ಹೇಳಿಕೊಂಡಿದ್ದೆ. ಪಾಪ, ಅವನು ನನ್ನನ್ನು ಸೋಲಿಸಲು ಜೀವ ತೇದು ಆಡಿದ. ಅವನು ಇನ್ನು ಎರಡು ಕಾಯಿ ಇಳಿಸಿದರೆ ನನ್ನ ಶುಗರ್ ಪಾರು. ಅಷ್ಟರಲ್ಲಿ ಅವನ ಅಮ್ಮಿ ಬಂದರು. ಎಂಬತ್ತರ ಹತ್ತಿರದ ಮುದುಕಿ, ಕೈಯಲ್ಲಿ ಹಾಲು-ಶ್ಯಾವಿಗೆಯ ಸುರಕುಂಬಾ ತುಂಬಿದ ಬಟ್ಟಲು. ಬಟ್ಟಲು ಇಡಲು ಜಾಗ ಇರಲಿಲ್ಲ ಅಂತ ಸೆರಗಿನಿಂದ ಹಲಗೆಯ ಕಾಯಿಗಳನ್ನೆಲ್ಲ ಗುಡಿಸಿ ಕೆಳಗೆ ಹಾಕಿದರು.

“ಅಮ್ಮಿ, ನಾನು ಗೆಲ್ಲಾಕತ್ತಿದ್ದೆ” ಅಂದ ಗೆಳೆಯ.

“ಹೌದೇನು? ಹಂಗಿದ್ರ ನೀನೂ ಒಂದು ಬಟ್ಟಲ ತಗೊ.”

ಆ ಮನೆಯಲ್ಲಿ ನಿಯಮ ಅಂದರೆ ಅಮ್ಮಿ. ನಾನು ಮೂರು ಬಟ್ಟಲು ಕುಡಿದು ಎದ್ದೆ.

೪. ಜೇವರ್ಗಿಯ ಮಾಸ್ತರರು

ಜೇವರ್ಗಿಯಲ್ಲಿ ಒಬ್ಬ ರಿಟೈರ್ಡ್ ಮಾಸ್ತರರಿದ್ದಾರೆ. ಗಣಿತ ಕಲಿಸಿದವರು, ನಿಯಮ ಅಂದರೆ ನಿಯಮ ಅನ್ನುವವರು. ಅವರು ಫೋನ್ ಮಾಡಿದಾಗ ನನಗೆ ಖುಷಿಯೇ ಆಯಿತು, ಇಲ್ಲಿಯಾದರೂ ಬೇಡ ಅಂದರೆ ಬೇಡ ಅಂತ ಆದೀತು ಎಂದು.

“ಫ್ರಿಜ್ ಆಮ್ಯಾಲ ನೋಡೀರಂತ, ಮೊದಲ ಕೂಡ್ರಿ” ಅಂದರು. ಆಟ ಶುರುವಾಯಿತು. ಮಾಸ್ತರರು ದುಪ್ಪಟ್ಟು ಕೇಳಲೇ ಇಲ್ಲ. ನಾನು ಕಾಯಿ ಒಂಟಿ ಬಿಟ್ಟರೆ, “ಅಲ್ಲಿ ಬ್ಯಾಡ್ರಿ, ಹೊಡ್ತ ಬೀಳ್ತದ. ಇಲ್ಲಿ ಇಡ್ರಿ, ಜೋಡಿ ಆಗ್ತದ” ಅಂತ ನನ್ನ ಕೈ ಹಿಡಿದು ಸರಿಯಾದ ಮನೆಯಲ್ಲಿ ಇಡಿಸುತ್ತಿದ್ದರು. ತಮ್ಮ ಕಾಯಿಗಳನ್ನು ಮಾತ್ರ ಲೆಕ್ಕ ಹಾಕಿ ಹಾಕಿ, ನನಗೆ ಸುಲಭವಾಗಿ ಸಿಗುವ ಕಡೆಯೇ ಇಡುತ್ತಿದ್ದರು. ಅಷ್ಟು ಚೊಕ್ಕವಾಗಿ ಸೋಲುವವರನ್ನು ನಾನು ದುಬೈಯಲ್ಲೂ ನೋಡಿರಲಿಲ್ಲ. ನಾನು ಗೆದ್ದೆ. ಹೋಳಿಗೆ ಬಂತು, ಎರಡು ತಾಟಿನಲ್ಲಿ. ನನ್ನ ತಾಟಿಗೆ ನಾನು ಕೈ ಹಾಕುವ ಮೊದಲೇ ಮಾಸ್ತರರ ತಾಟು ಖಾಲಿ. ನಿಜ ಹೇಳಬೇಕೆಂದರೆ ನನಗೆ ಸಿಟ್ಟೇ ಬಂತು. ಎದ್ದು ಫ್ರಿಜ್ಜಿನ ಹಿಂದೆ ಬಗ್ಗಿ ನೋಡಿದೆ.

“ಮಾಸ್ತರ್ರ, ಇದಕ್ಕ ಏನೂ ಆಗಿಲ್ಲಲ್ರಿ. ಪ್ಲಗ್ ಕಿತ್ತದ ಅಷ್ಟ.”

ಮಾಸ್ತರರು ಹೆಂಡತಿ ಇದ್ದ ಅಡುಗೆಮನೆಯ ಕಡೆ ಹೊರಳಿ ನೋಡಿ ನನ್ನ ಕಿವಿಯ ಹತ್ತಿರ ಬಂದರು. “ಮೆಲ್ಲಕ ಮಾತಾಡ್ರಿ. ನನಗೂ ಶುಗರ್ ಅದ. ಮನ್ಯಾಗ ಮಂದಿ ಬಂದಾಗಷ್ಟ ಅಕಿ ನನಗೂ ಒಂದು ತಾಟ ಕೊಡ್ತಾಳ. ಮುಂದಿನ ವಾರ ವಾಷಿಂಗ್ ಮಶಿನ್ ಕೆಡ್ತದ, ಬರ್ರಿ.”

೫. ಒಪ್ಪಿಕೊಂಡಾಕಿ

ಮೂರು ತಿಂಗಳು ಮುಗಿಯಿತು. ಮರುದಿನ ಟೆಸ್ಟ್. ಮಧ್ಯಾಹ್ನ ಊಟವಾದ ಮೇಲೆ ಗಾಡಿಯನ್ನು ಕಡೆಯ ಸಲ ಅನ್ನುವಂತೆ ಒರೆಸುತ್ತ ಕೂತಿದ್ದೆ. ಹೆಂಡತಿ ಹಲಗೆ ತಂದು ಮುಂದೆ ಬಿಚ್ಚಿಟ್ಟಳು.

“ರಿಪೋರ್ಟ್ ಏನು ಬರ್ತದಂತ ಇಬ್ರಿಗೂ ಗೊತ್ತದ. ಒಂದು ಆಟ ಆಡೂಣು. ನೀವು ಗೆದ್ರ ಶುಗರ್ ಎಷ್ಟ ಇರ್ಲಿ, ಕೀಲಿ ನಿಮ್ದು. ನಾ ಗೆದ್ರ ನಂದು.”

ನನಗೆ ಹೋದ ಜೀವ ಬಂದಂತಾಯಿತು. ಆಕೆ ಮನೆಯಲ್ಲಿ ಕೂತು ನಾನೊಬ್ಬನೇ ಸೋಲುವ ಅಭ್ಯಾಸ ಮಾಡುವುದನ್ನು ನೋಡಿ ಕಲಿತವಳು, ನಾನು ದುಬೈಯಲ್ಲಿ ಪಳಗಿದವನು. ಮೂರು ತಿಂಗಳಲ್ಲಿ ಮೊದಲ ಸಲ ಗೆಲ್ಲಲು ಆಡಿದೆ. ಒಂದು ಕಾಯಿಯನ್ನೂ ಒಂಟಿ ಬಿಡಲಿಲ್ಲ. ಆಕೆಯ ಒಂಟಿ ಕಾಯಿ ಕಂಡಲ್ಲೆಲ್ಲ ಹೊಡೆದೆ, ಕೈ ಮುಗಿಯಲೂ ಇಲ್ಲ. ಆಕೆಯ ಎರಡು ಕಾಯಿ ಹೊರಗೆ ಕೂತು ಒಳಗೆ ಬರಲು ದಾರಿ ಇಲ್ಲದೆ ಒದ್ದಾಡುತ್ತಿದ್ದವು. ನನ್ನವು ಮನೆ ಮುಟ್ಟಿದ್ದವು. ಇನ್ನೇನು ಇಳಿಸುವುದೊಂದೇ ಬಾಕಿ.

ಆಕೆ ಎದ್ದು ಒಳಗೆ ಹೋದಳು. ಅಳಲು ಹೋದಳೇನೋ ಅಂದುಕೊಂಡೆ. ತಾಟು ಹಿಡಿದುಕೊಂಡು ಬಂದಳು. ಸೆರಗು ಸರಿ ಮಾಡಿಕೊಂಡು, ಬಗ್ಗಿ, ತಾಟನ್ನು ನನ್ನ ಮುಂದೆ ಸರಿಸಿ, ಬೀಗರಿಗೆ ಕೇಳುವಷ್ಟು ಮೆತ್ತಗೆ ಕೇಳಿದಳು: “ಎರಡು ಮಾಡ್ಲೇನ್ರಿ?”

“ಬ್ಯಾಡ್ರಿ, ಬ್ಯಾಡ್ರಿ, ಸಾಕು” ಅಂದೆ, ತಾಟಿಗೆ ಕೈ ಅಡ್ಡ ಹಿಡಿದು.

ಕೈ ಸರಿಸಿ ನೋಡಿದರೆ ತಾಟಿನಲ್ಲಿ ಹೋಳಿಗೆ ಇರಲಿಲ್ಲ. ದುಪ್ಪಟ್ಟಿನ ದಾಳ ಇತ್ತು, ಬೇಡ ಅಂದು ನಾನು ಸೋತಿದ್ದೆ. ಸೋಲುವವರು ದುಪ್ಪಟ್ಟು ಕೇಳುವುದಿಲ್ಲ, ಕೇಳಿದರೆ ಕಣ್ಣು ಮುಚ್ಚಿ ಒಪ್ಪಬೇಕು. ಇರುವ ಒಂದು ಕೀಲಿಯನ್ನು ಎರಡು ಹೇಗೆ ಮಾಡುತ್ತೀ ಅಂತಲಾದರೂ ಕೇಳಬೇಕಿತ್ತು. ಆಕೆ ಆಗಲೇ ಹಲಗೆ ಮಡಚಿ, ಮೊಳೆಗೆ ನೇತುಹಾಕಿದ್ದ ಗಾಡಿ ಕೀಲಿ ತೆಗೆದುಕೊಂಡಿದ್ದಳು.

“ಏ, ತಡಿ. ಅದು ಬಾಯಿ ರೂಢಿ. ನಾ ಮನಸ್ಸಿಲೆ ಬ್ಯಾಡ ಅಂದಿಲ್ಲ.”

ಆಕೆ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. “‘ನಾ ಬ್ಯಾಡ ಅಂದ್ರ ಮಂದಿ ಕೇಳಂಗಿಲ್ಲ, ಕೇಳಂಗಿಲ್ಲ’ ಅಂತ ಮೂರು ತಿಂಗಳು ಅತ್ರಿ. ಮೂರು ತಾಲೂಕಿನಾಗ ನಾ ಒಬ್ಬಾಕಿ ಕೇಳೀನಿ. ಅದಕ್ಕೂ ತಕರಾರೇನ್ರಿ?”