ಮುಳ್ಳು ಹೋದ ದಾರಿ, ಬಂದ ದಾರಿ

ತುದಿಯನ್ನು ಬೆರಳಿನಿಂದ ಮುಟ್ಟಕೂಡದು. ವೋಲ್ಟೇಜ್ ಏರಿಸುವಾಗ ಮೀಟರಿನ ಮುಳ್ಳು ತೋರಿದ್ದನ್ನೂ ಇಳಿಸುವಾಗ ತೋರಿದ್ದನ್ನೂ ಬರೆಯಬೇಕು. ಎರಡೂ ಒಂದಕ್ಕೊಂದು ಹೊಂದದಿದ್ದರೆ ತುದಿಗೆ ಕೊಳೆ ಹತ್ತಿದೆ ಎಂದು ತಿಳಿದು ಆ ಅಳತೆಯನ್ನು ಬಿಟ್ಟುಬಿಡಬೇಕು.

ಅರವತ್ತರ ದಶಕದ ಕೊನೆಯಲ್ಲಿ, ಔರಂಗಾಬಾದಿನ ಕಾಲೇಜಿನ ಪ್ರಯೋಗಾಲಯದಲ್ಲಿ, ಇದನ್ನು ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದವನು ನಾನೇ. ಗಾಜಿನ ಕೊಳವೆಯಲ್ಲಿ ನಸುಗೆಂಪಾಗಿ ಹೊಳೆಯುವ ಅನಿಲದೊಳಗೆ, ಅಂದರೆ ಪ್ಲಾಸ್ಮಾದೊಳಗೆ, ಪ್ರೋಬ್ ಎಂಬ ಸಣ್ಣ ತಂತಿ ಇಳಿಬಿಟ್ಟು ಅಳೆಯುವುದು, ಅಲ್ಲಿ ಹಂಗಾಮಿ ಅಧ್ಯಾಪಕನಾಗಿದ್ದ ನನ್ನ ಪಿಎಚ್‌ಡಿ ಕೆಲಸ. ನಿಯಮ ಗೋಡೆ ಹತ್ತಿದ ಮೇಲೆ ಅದನ್ನು ಮುರಿಯುವವರಿಗೆ ಬರವಿರಲಿಲ್ಲ.

೧. ಬೀಗರ ಮನೆ

ನಾಶಿಕದಿಂದ ಬಂದಿದ್ದ ಕನ್ನಡಿಗ ಡೆಮಾನ್‌ಸ್ಟ್ರೇಟರ್ ಏರುವಾಗಿನ ಅಂಕಿಗಳನ್ನೇ ಇಳಿಯುವಾಗಿನವೆಂದು ಕೆಳಗಿನಿಂದ ಮೇಲಕ್ಕೆ ನಕಲು ಮಾಡಿದ್ದರು.

"ಮುಳ್ಳು ಹೋದ ದಾರೀಲೇ ಬರ್ತದಲ್ರಿ ಸರ್, ಮತ್ತ್ಯಾಕ ನೋಡೋದು?"

"ಮೊನ್ನೆ ಊರಿಗೆ ಹೋದವರು ವಾಪಸ್ ಬರಲು ಎರಡು ದಿನ ತಡವಾಯಿತಲ್ಲ, ಯಾಕೆ?"

"ಬರುವಾಗ ವೈಜಾಪುರದಾಗ ಬೀಗರ ಮನಿಗೆ ಹೋಗಿದ್ದೆರಿ."

ಎಲ್ಲರೆದುರು ಹಂಗಿಸಿ ಪ್ರಯೋಗಾಲಯದಿಂದ ಹೊರಗೆ ಹಾಕಿದೆ. ಅಷ್ಟು ಕಠಿಣನಾಗಬಾರದಿತ್ತು. ಅಂದು ಹೇಳಿದ್ದು ಇಷ್ಟೇ: "ಮುಳ್ಳಿಗೂ ದಾರಿಯಲ್ಲಿ ಬೀಗರ ಮನೆ ಇರುತ್ತದೆ!"

೨. ಮುಟ್ಟಬಾರದ್ದು

ತಪಾಸಣೆಗೆ ಅಧಿಕಾರಿಗಳು ಬಂದರು. ಹೊಸ ಪ್ರೋಬ್ ಇನ್ನೂ ಕೊಳವೆಯೊಳಗೆ ಹೋಗಿರಲಿಲ್ಲ. ನಮ್ಮ ಮುಖ್ಯಸ್ಥರು ವಿವರಿಸತೊಡಗಿದರು: "ಈ ತುದಿಗೆ ಬೆರಳು ತಾಗಿದರೆ ಬೆವರಿನ ಜಿಡ್ಡು ಕೂತು ಅಳತೆಯೇ ಕೆಡುತ್ತದೆ. ನೋಡಿ, ಇದೇ ತುದಿ."

ಎರಡು ಬೆರಳಲ್ಲಿ ಅದನ್ನೇ ಹಿಡಿದು ತೋರಿಸುತ್ತಿದ್ದರು. ಅಧಿಕಾರಿಗಳಿಗೆ ಸರಿಯಾಗಿ ಕಾಣಲಿಲ್ಲವೆಂದು ಇನ್ನೊಮ್ಮೆ ಹಿಡಿದು ತೋರಿಸಿದರು.

೩. ರಬ್ಬರು

ಅದೇ ಪ್ರೋಬನ್ನು ಕೊಳವೆಗೆ ಹಾಕಿ ಮೂರು ತಿಂಗಳು ಅಳೆದೆ. ಗ್ರಾಫಿನಲ್ಲಿ ಏರುವ ಗೆರೆ ಒಂದು ಕಡೆ, ಇಳಿಯುವ ಗೆರೆ ಇನ್ನೊಂದು ಕಡೆ. ತುದಿಯನ್ನು ಕೆಂಪಗೆ ಕಾಯಿಸಿ ಶುಚಿ ಮಾಡಿ ಎಲ್ಲವನ್ನೂ ಮೊದಲಿನಿಂದ ಅಳೆಯಬೇಕಿತ್ತು. ನನಗೆ ವ್ಯವಧಾನವಿರಲಿಲ್ಲ. ರಬ್ಬರು ತೆಗೆದುಕೊಂಡು ಇಳಿಯುವ ಗೆರೆಗಳನ್ನು ಅಳಿಸುತ್ತ ಕೂತೆ.

ಅಳತೆ ಪುಸ್ತಕದ ಪ್ರತಿ ಪುಟಕ್ಕೂ ನನ್ನೊಂದಿಗೆ ಸಹಿ ಮಾಡುತ್ತಿದ್ದವರು ನಮ್ಮ ಟೆಕ್ನಿಷಿಯನ್, ಬೀದರಿನವರು, ನನಗಿಂತ ಹಿರಿಯರು. ಅವರಲ್ಲಿ ಕ್ಷಮೆ ಕೇಳಬೇಕೆಂದು ವರ್ಷಗಟ್ಟಲೆ ಅಂದುಕೊಂಡೇ ಇದ್ದೆ. ಕೇಳುವ ಮೊದಲೇ ಅವರು ನಿವೃತ್ತರಾಗಿ ಊರಿಗೆ ಹೋದರು.

ಅಂದು ಪುಟ ನೋಡಿ ಅವರು ಕೇಳಿದರು: "ಇಳಿಯೋ ಗೆರಿ ಎಲ್ಲಿ ಹೋತ್ರಿ ಸರ?"

"ಅದು ಬೇಡ. ತಿಂಗಳ ಕೊನೆಗೆ ಪ್ರಬಂಧ ಹೋಗದಿದ್ದರೆ ನನ್ನ ನೌಕರಿ ಕಾಯಂ ಆಗುವುದಿಲ್ಲ. ಸಹಿ ಹಾಕಿ."

"ನಿಮ್ಮ ನೌಕರಿ ಮಾತು ಗೊತ್ತದರಿ. ಖರೇನೇ ಕೆಟ್ಟ ಅನಸ್ತದ. ಆದ್ರ ಮುಳ್ಳು ಬ್ಯಾರೆ ದಾರೀಲಿ ಬಂದದ, ನಾ ನೋಡೀನಿ."

ನಾನು ಇಂಗ್ಲಿಷಿನಲ್ಲಿ ಗದರಿದೆ. ತಪ್ಪು ನನ್ನದಾದಾಗ ನನಗೆ ಇಂಗ್ಲಿಷ್ ಬರುತ್ತದೆ.

ಅವರು ಕನ್ನಡಕ ಒರೆಸಿಕೊಂಡು ಗೋಡೆಯ ಮೇಲಿನ ನನ್ನ ದಪ್ಪಕ್ಷರಗಳನ್ನು ಪೂರ್ತಿ ಓದಿದರು. "ಮುಳ್ಳಿಗೂ ಬೀಗರ ಮನಿ ಇರ್ತದಂತ ನೀವೇ ಹೇಳಿದ್ರಿ ಸರ" ಎಂದು ಸಹಿ ಮಾಡದೆ ಪೆನ್ನಿನ ಮುಚ್ಚಳ ಹಾಕಿದರು. ಆಮೇಲೆ ಮೇಜಿನ ಮೇಲಿದ್ದ ನನ್ನ ರಬ್ಬರನ್ನು ಎತ್ತಿ ಅಂಗಿ ಜೇಬಿನಲ್ಲಿಟ್ಟು, ಗುಂಡಿ ಹಾಕಿಕೊಂಡು ಮನೆಗೆ ಹೋದರು.