ಕಂಬಳಿ ಹೊದ್ದ ಚೆಂಡು

ಡ್ರಿಲ್ ಮೇಷ್ಟ್ರ ಬಾಳಲ್ಲಿ ಫಜೀತಿಗೇನೂ ಬರ ಇಲ್ಲ ಕಣ್ರಿ, ಸೀಟಿ ಊದಿದ್ರೆ ಸಾಕು, ಬಂದು ಎದುರಿಗೆ ನಿಲ್ತವೆ. ನಾನೂ ಮೂವತ್ತು ವರ್ಷ ಸೀಟಿ ಊದಿದವನೇ. ಆದ್ರೆ ನನ್ನ ಕಥೆ ಬಿಡ್ರಿ, ನನಗೆ ಸೀಟಿ ಹಿಡಿಯೋದು ಕಲಿಸಿದವರ ಕಥೆ ಹೇಳ್ತೀನಿ.

ಮಹಾರಾಜರ ಕಾಲ. ನಾನು ದುರ್ಗದ ಹೈಸ್ಕೂಲಲ್ಲಿ ಓದ್ತಿದ್ದೆ. ನಮ್ಮ ಡ್ರಿಲ್ ಮೇಷ್ಟ್ರು ಬೆಂಗಳೂರಲ್ಲಿ ಹದಿನೈದು ದಿನ ಬ್ಯಾಸ್ಕೆಟ್‌ಬಾಲ್ ಅನ್ನೋ ಹೊಸ ಆಟ ಕಲ್ತು, ಒಂದು ಚೆಂಡು, ಒಂದು ಪುಸ್ತಕ ಹಿಡ್ಕೊಂಡು ಬಂದ್ರು. ಅವರದು ಹಂಗಾಮಿ ನೌಕರಿ. ಆಟ ನಿಂತ್ರೆ ನೌಕರಿನೂ ಹೋದಂಗೆ. ಮನೇಲಿ ಹೆಂಡತಿ, ಮೂರು ಮಕ್ಕಳು, ಕಣ್ಣು ಕಾಣದ ತಾಯಿ. ಹಂಗಾಗಿ ಅವರು ನಗ್ತಿದ್ದದ್ದು ಕಮ್ಮಿ.

೧. ತಳದ ತಕರಾರು

ತಳ ಇಲ್ಲದ ಎರಡು ಬುಟ್ಟಿ ಬೇಕು ಅಂತ ಮೇಷ್ಟ್ರು ಬುಟ್ಟಿ ಹೆಣೆಯೋ ಮುದುಕನ ಹತ್ರ ಹೋದ್ರು.

"ತಳ ಇಲ್ದಿದ್ರೆ ಅದು ಯಾವ ಸೀಮೆ ಬುಟ್ಟಿ ಸ್ವಾಮಿ? ಅಂಥದ್ದು ಹೆಣೆದ್ರೆ ನಮ್ಮಪ್ಪ ಎದ್ದು ಬಂದು ಬಡೀತಾನೆ!" ಅಂದ ಮುದುಕ. ತಳ ಇಟ್ಟೇ ಹೆಣೆದ. ಮನೆಗೆ ಹೋಗಿ ತಳ ಕುಯ್ಯಲ್ಲ ಅಂತ ಆಣೆ ಬೇರೆ ಹಾಕಿಸ್ಕೊಂಡ.

ಸರಿ, ಒಂದು ಬುಟ್ಟಿ ಹುಣಸೆ ಮರಕ್ಕೆ, ಇನ್ನೊಂದು ಬೇವಿನ ಮರಕ್ಕೆ ಕಟ್ಟಿದ್ವಿ. ಗೋಲ್ ಆದಾಗೆಲ್ಲ ಚೆಂಡು ಮೇಲೇ ಉಳೀತಿತ್ತು. ಏಣಿ ಹತ್ತಿ ಇಳಿಸೋ ಕೆಲಸ ನಂದು. ಅಲ್ಲಿತನಕ ಉಳಿದೋರೆಲ್ಲ ನೆರಳಲ್ಲಿ ಕುಂತು ಕಡ್ಲೆಕಾಯಿ ತಿಂತಿದ್ರು. ಒಂದಿನ ಹೆಡ್‌ಮಾಸ್ಟರು ಬಂದು ರೇಗಿದ್ರು: "ಏನ್ರಿ ಇದು, ಆಟದ ಹೊತ್ನಾಗೆ ಕಡ್ಲೆಕಾಯಿ?"

ಮೇಷ್ಟ್ರು ನೆಟ್ಟಗೆ ನಿಂತು ಸಲಾಮ್ ಹೊಡೆದ್ರು. "ಗೋಲ್ ಆಗೈತೆ ಸಾರ್!"

೨. ತೊಗಲು

ನಮ್ಮ ತಂಡದಾಗೆ ಗುರಿ ಇಟ್ಟು ಹೊಡೆಯೋನು ಒಬ್ಬ ಸಾವ್ಕಾರ್ರ ಮೊಮ್ಮಗ. ಆ ಸಾವ್ಕಾರ್ರೋ, ಮಡಿ ಅಂದ್ರೆ ಮಡಿ. ಒಂದು ಬೆಳಿಗ್ಗೆ ಮೈದಾನಕ್ಕೇ ಬಂದ್ರು.

"ಏನ್ರಿ ಮೇಷ್ಟ್ರೇ, ಮಕ್ಕಳ ಕೈಗೆ ತೊಗಲಿನ ಚೆಂಡು ಕೊಡ್ತೀರಂತೆ? ಅದೇ ಕೈಯಾಗೆ ನನ್ನ ಮೊಮ್ಮಗ ಪೂಜೆ ಮಾಡ್ಬೇಕೇನ್ರಿ? ದಿವಾನರತನಕ ಅರ್ಜಿ ಹಾಕ್ತೀನಿ!"

ಮೇಷ್ಟ್ರ ಮುಖ ಬಿಳಿಚ್ಕೊಂಡ್ತು. ಸುಮ್ಮನಿದ್ದಿದ್ರೆ ಆಗಿತ್ತು, ಬಾಯಿ ಕೇಳಬೇಕಲ್ಲ!

"ಸೋಮವಾರ ಭಜನೇಲಿ ತಬಲ ಬಾರಿಸ್ತೀರಲ್ಲ ಸಾವ್ಕಾರ್ರೇ, ಅದಕ್ಕೇನು ಬಾಳೆ ಎಲೆ ಬಿಗಿದಿರ್ತಾರಾ?"

ಅರ್ಜಿ ಅವತ್ತೇ ಟಪಾಲಿಗೆ ಬಿತ್ತು.

೩. ಕಂಬಳಿ

ಅರ್ಜಿ ನೋಡಿ ಸ್ಕೂಲ್ ಇನ್‌ಸ್ಪೆಕ್ಟರು ಬಂದ್ರು. ಇಬ್ಬರ ಮಾತೂ ಕೇಳಿ ಒಂದೇ ಮಾತು ಹೇಳಿದ್ರು: "ಮುಂದಿನ ತಿಂಗಳು ಹಿರಿಯೂರಿನಲ್ಲಿ ಬೆಂಗಳೂರು ಹುಡುಗರ ಜೊತೆ ಪಂದ್ಯ ಇದೆ. ಗೆದ್ದರೆ ಆಟ ಇರಲಿ. ಸೋತರೆ ಆಟವೂ ಬೇಡ, ಡ್ರಿಲ್ ಮೇಷ್ಟ್ರೂ ಬೇಡ. ಅಲ್ಲಿಯವರೆಗೆ ಸಾಹುಕಾರರ ಮನಸ್ಸು ನೋಯಿಸಬೇಡಿ."

ಕಂಬಳಿಗೆ ಮೈಲಿಗೆ ಇಲ್ಲ ಅಂತಾರಲ್ಲ, ಮೇಷ್ಟ್ರು ಒಂದು ಹಳೇ ಕಂಬಳಿ ಹರಿದು ಚೆಂಡಿನ ಸುತ್ತ ಹೊಲಿದ್ರು. ಸಾವ್ಕಾರ್ರು ಮುಟ್ಟಿ ನೋಡಿ ಒಪ್ಪಿದ್ರು. ನೆಲಕ್ಕೆ ಬಡಿದ್ವಿ. ದೊಪ್ ಅಂತ ಬಿದ್ದು ಅಲ್ಲೇ ಮಲಗ್ತು. ಪುಸ್ತಕದ ತುಂಬ ಚೆಂಡು ಪುಟಿಸಿಕೊಂಡು ಓಡೋದೇ ಬರೆದಿತ್ತು. ಮೇಷ್ಟ್ರು ಒಂದು ಗಳಿಗೆ ತಲೆ ಮೇಲೆ ಕೈ ಹೊತ್ತು ಕುಂತ್ರು. ಆಮೇಲೆ ಪುಸ್ತಕ ಮುಚ್ಚಿ ಎದ್ರು.

"ಲೇ, ಇನ್ಮೇಲೆ ಚೆಂಡನ್ನ ನೆಲಕ್ಕೆ ಕೊಡಬ್ಯಾಡ್ರಿ. ಪಕ್ಕದವನ ಕೈಗೆ ಕೊಡ್ರಿ."

ಒಂದು ತಿಂಗಳು ಅದೇ ಅಭ್ಯಾಸ. ಮುಂದೆ ಮೇಷ್ಟ್ರಾದ ಮೇಲೆ ನಾನೂ ಮೂವತ್ತು ವರ್ಷ ಹೊಸ ಹುಡುಗರಿಗೆ ಮೊದಲು ಕಂಬಳಿ ಚೆಂಡನ್ನೇ ಕೊಟ್ಟೆ. ಹೊಳಲ್ಕೆರೆಲಿದ್ದಾಗ ಒಬ್ಬ ಹುಡುಗನ ಅಪ್ಪ ಬಂದು ಮೆಲ್ಲಗೆ ಕೇಳಿದ: "ಏನ್ ಸಾರ್, ಚೆಂಡಿಗೆ ಹುಷಾರಿಲ್ವಾ?"

೪. ಹೊಳೆ

ಎತ್ತಿನ ಗಾಡಿಲಿ ಹಿರಿಯೂರಿಗೆ ಹೋದ್ವಿ. ಏಣಿನೂ ಹೇರ್ಕೊಂಡೇ ಹೋಗಿದ್ವಿ. ಅಲ್ಲಿ ನೋಡಿದ್ರೆ ಕಬ್ಬಿಣದ ಬಳೆ, ತಳವೇ ಇಲ್ಲ! ಬೆಂಗಳೂರು ಹುಡುಗರು ಏಣಿ ನೋಡಿ ಬಿದ್ದು ಬಿದ್ದು ನಕ್ಕರು. ರೆಫ್ರಿ ಕಂಬಳಿ ಬಿಚ್ಚಿಸಿದ್ರು. ಮುಂದಿನ ಸಾಲಿನ ಕುರ್ಚಿಲಿ ಇನ್‌ಸ್ಪೆಕ್ಟರ ಪಕ್ಕ ಸಾವ್ಕಾರ್ರು ಕುಂತಿದ್ರು. ನಮ್ಮಲ್ಲಿ ಯಾರೂ ತೊಗಲು ಮುಟ್ಟಲಿಲ್ಲ. ಮೇಷ್ಟ್ರೇ ಚೆಂಡು ಎತ್ತಿ ಮೊಮ್ಮಗನ ಕೈಗಿಟ್ರು. "ಆಡ್ರಲೇ. ವೇದಾವತಿ ಹೊಳೆ ಇಲ್ಲೇ ಐತೆ, ಆಮೇಲೆ ಮುಳುಗಿದ್ರಾಯ್ತು."

ಹಿಂದಿನ ದಿನ ಮಳೆ ಬಿದ್ದಿತ್ತು. ಎರೆ ಮಣ್ಣು, ಕೇಳ್ಬೇಕಾ! ಬೆಂಗಳೂರಿನವರು ಪುಟಿಸಿದ ಚೆಂಡು ಕೆಸರಲ್ಲಿ ಕಚ್ಕೊಂಡು ನಿಲ್ತಿತ್ತು. ನಮಗೆ ಪುಟಿಸೋದೇ ಗೊತ್ತಿಲ್ವಲ್ಲ, ಕೈಯಿಂದ ಕೈಗೆ ಹಾರಿಸಿದ್ವಿ. ಆದ್ರೂ ಅವರು ಎತ್ತರದ ಆಳುಗಳು, ಕೊನೆತನಕ ಸಮಸಮ ಬಂದ್ರು. ಎರಡು ನಿಮಿಷ ಉಳಿದಾಗ ಮೊಮ್ಮಗ ಹೊಡೆದ ಚೆಂಡು ಬಳೆಯೊಳಗೆ ಇಳೀತು, ನಾವು ಒಂದು ಗೋಲ್ ಮುಂದಾದ್ವಿ. ನಾನು ಅಭ್ಯಾಸಬಲದಿಂದ ಏಣಿ ಹೊತ್ತು ಓಡಿದೆ!

ಬೆಂಗಳೂರಿನವರು ಆತುರದಲ್ಲಿ ಎಸೆದ ಚೆಂಡು ದಿಕ್ಕು ತಪ್ಪಿ, ನೇರ ಸಾವ್ಕಾರ್ರ ತೊಡೆ ಮೇಲೆ ಬಿತ್ತು. ನಮ್ಮ ಕಥೆ ಮುಗೀತು ಅಂದ್ಕೊಂಡೆ.

ಸಾವ್ಕಾರ್ರು ಚೆಂಡು ನೋಡಿದ್ರು, ಮೊಮ್ಮಗನ ಮುಖ ನೋಡಿದ್ರು, ಮೆಲ್ಲಗೆ ರೆಫ್ರಿ ಕೈಲಿದ್ದ ವಾಚು ನೋಡಿದ್ರು. ಚೆಂಡನ್ನ ಎದೆಗವಚಿಕೊಂಡು ಎದ್ರು.

"ಯಾರೂ ಹತ್ರ ಬರಬ್ಯಾಡ್ರಿ! ಮೈಲಿಗೆ ಆಗೈತೆ. ಹೊಳೇಲಿ ತೊಳ್ಕಂಡು ಬರ್ತೀನಿ, ತಡೀರಿ."

ಹೊರಟೇಬಿಟ್ರು. ಆ ಮನುಷ್ಯ ಅಷ್ಟು ನಿಧಾನ ನಡೆದದ್ದು ನಾನು ಹಿಂದೆ ನೋಡಿಲ್ಲ, ಮುಂದೂ ನೋಡಲಿಲ್ಲ. ಬೇರೆ ಚೆಂಡಿರಲಿಲ್ಲ, ವಾಚು ನಿಲ್ಲಿಸೋ ನಿಯಮವೂ ಪುಸ್ತಕದಲ್ಲಿರಲಿಲ್ಲ. ಅವರು ಹೊಳೆ ಮುಟ್ಟೋದ್ರೊಳಗೆ ಎರಡು ನಿಮಿಷ ಮುಗೀತು, ಆಟ ಉಳೀತು, ಮೇಷ್ಟ್ರ ನೌಕರಿನೂ ಉಳೀತು. ಇನ್‌ಸ್ಪೆಕ್ಟರು ಅಂಗವಸ್ತ್ರ ಬಾಯಿಗೆ ತುರುಕಿಕೊಂಡು ನಗ್ತಿದ್ರು.

ಬೆಂಗಳೂರಿನ ಮೇಷ್ಟ್ರು ಕೆಂಡಾಮಂಡಲ ಆಗಿ ಬಂದ್ರು. "ಏನ್ರೀ ಇದು ಅನ್ಯಾಯ! ನೀವಾದರೂ ಅವರನ್ನು ತಡೆಯಬಾರದಾಗಿತ್ತೇ?"

ನಮ್ಮ ಮೇಷ್ಟ್ರು ಕಣ್ಣೊರೆಸ್ಕೊಂಡು ಎರಡೂ ಕೈ ಮುಗಿದ್ರು.

"ತಡೆಯೋದಾ? ಅರ್ಜಿ ಹಾಕ್ತಾರೆ ಸ್ವಾಮಿ!"